ಮಾರ್ಮನ್ನರ ದೇವರು ಇನ್ನೂ ಮಾತನಾಡುತ್ತಾನೆ

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಅಮೆರಿಕದ ಯೂಟಾ ರಾಜ್ಯಕ್ಕೆ ಹೋಗಿ ಲೀಹೈ ಎಂಬ ಊರಿನಲ್ಲಿ ನೆಲೆಸಿದ್ದಾನೆ. ಅಕ್ಕಪಕ್ಕದವರೆಲ್ಲ ಮಾರ್ಮನ್ನರಂತೆ. ಕಾಫಿ, ಚಹಾ ಮುಟ್ಟುವುದಿಲ್ಲ, ಭಾನುವಾರ ಅಂಗಡಿಗೂ ಹೋಗುವುದಿಲ್ಲ, ಆದರೆ ಕೇಳುವ ಮೊದಲೇ ಸಹಾಯಕ್ಕೆ ಬರುತ್ತಾರೆ ಎನ್ನುತ್ತಾನೆ. ಇವರು ಕ್ರೈಸ್ತರೇ? ಒಬ್ಬ ಗಂಡಸಿಗೆ ಹಲವು ಹೆಂಡತಿಯರಿರುತ್ತಾರೆ ಎಂಬುದು ನಿಜವೇ? ಈ ಧರ್ಮ ಹುಟ್ಟಿದ್ದು ಹೇಗೆ? ಮಗನನ್ನು ಮತಾಂತರ ಮಾಡಿಬಿಡುತ್ತಾರೇನೋ ಎಂಬ ಆತಂಕವೂ ನನಗಿದೆ. (ಓದುಗರು, ಮೈಸೂರು)

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ಮಗನ ನೆರೆಯವರು ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಮುಖ್ಯ ಸಭೆಗೆ (ಅಂದರೆ ಚರ್ಚಿಗೆ) ಸೇರಿದವರಾಗಿದ್ದರೆ, ಮತ್ತು ಬಹುತೇಕ ಹಾಗೆಯೇ ಇರುತ್ತದೆ, ಅಲ್ಲಿ ಎರಡನೆಯ ಹೆಂಡತಿಯನ್ನು ಮಾಡಿಕೊಂಡವನನ್ನು ಸಭೆಯಿಂದಲೇ ಹೊರಹಾಕುತ್ತಾರೆ. ಬಹುಪತ್ನಿತ್ವ ಅವರ ಇತಿಹಾಸದಲ್ಲಿ ಇದ್ದದ್ದು ಖಂಡಿತ ನಿಜ. ಅದು ಬಂದದ್ದು ಹೇಗೆ, ಹೋದದ್ದು ಹೇಗೆ ಎಂಬುದರಲ್ಲಿ ಈ ಧರ್ಮದ ಸ್ವಭಾವವೇ ಅಡಗಿದೆ. ಹಾಗಾಗಿ ಆ ಕಥೆಯನ್ನು ಬುಡದಿಂದಲೇ ಹೇಳಬೇಕಾಗುತ್ತದೆ.

ಸಭೆಯ ಅಧಿಕೃತ ಹೆಸರನ್ನು ಕನ್ನಡದಲ್ಲಿ 'ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ' ಎನ್ನಬಹುದು. 'ಮಾರ್ಮನ್' ಎಂಬುದು ಹೊರಗಿನವರು ಇಟ್ಟ ಅಡ್ಡಹೆಸರು. ಬಹುಕಾಲ ಅವರೇ ಅದನ್ನು ಪ್ರೀತಿಯಿಂದ ಬಳಸಿದರು. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಪೂರ್ಣ ಹೆಸರನ್ನೇ ಬಳಸಿ ಎಂದು ಕೇಳಿಕೊಂಡ ಮೇಲೆ ಅವರ ಜಗತ್ಪ್ರಸಿದ್ಧ ಗಾಯನ ವೃಂದವೂ 'ಮಾರ್ಮನ್' ಪದವನ್ನು ಕೈಬಿಟ್ಟಿತು. ನಿಮ್ಮ ಮಗ ಅವರೊಡನೆ ಮಾತನಾಡುವಾಗ 'ಸಭೆಯ ಸದಸ್ಯರು' ಎಂದರೆ ಅವರಿಗೆ ಸಂತೋಷವಾಗುತ್ತದೆ. ಇಲ್ಲಿ ಮಾತ್ರ ಓದುಗರಿಗೆ ಪರಿಚಯವಿರುವ ಹೆಸರನ್ನೇ ಇಟ್ಟುಕೊಂಡಿದ್ದೇನೆ.

1820ರ ಸುಮಾರಿನ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗ ಧಾರ್ಮಿಕ ಆವೇಶದಿಂದ ಕುದಿಯುತ್ತಿತ್ತು. ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಪ್ರೆಸ್ಬಿಟೀರಿಯನ್ನರು ಬಯಲಿನಲ್ಲಿ ಸಭೆ ಸೇರಿಸಿ ಜನರನ್ನು ತಮ್ಮತ್ತ ಸೆಳೆಯುತ್ತಿದ್ದರು. ಪಾಲ್ಮೈರಾ ಊರಿನ ಬಳಿ ಬಡ ರೈತ ಕುಟುಂಬದ ಹುಡುಗ ಜೋಸೆಫ್ ಸ್ಮಿತ್, ಹುಟ್ಟಿದ್ದು 1805ರಲ್ಲಿ ವರ್ಮಾಂಟ್‌ನಲ್ಲಿ, ಇವುಗಳಲ್ಲಿ ಯಾವುದು ನಿಜ ಎಂದು ತಿಳಿಯದೆ ತೋಪೊಂದಕ್ಕೆ ಹೋಗಿ ಪ್ರಾರ್ಥಿಸಿದ. ತಂದೆ ದೇವರೂ ಯೇಸುವೂ ಎರಡು ಪ್ರತ್ಯೇಕ ರೂಪಗಳಲ್ಲಿ ಕಾಣಿಸಿಕೊಂಡು, ಯಾವ ಪಂಥಕ್ಕೂ ಸೇರಬೇಡ ಎಂದರು ಎಂಬುದು ಅವನು ಮುಂದೆ ಹೇಳಿದ ಮಾತು. ಈ ದರ್ಶನವನ್ನು ಅವನು 1832, 1835, 1838 ಮತ್ತು 1842ರಲ್ಲಿ ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ್ದಾನೆ. ವಿವರಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಭಕ್ತರು ಅದನ್ನು ನೆನಪಿನ ಸಹಜ ಬೆಳವಣಿಗೆ ಎನ್ನುತ್ತಾರೆ, ಟೀಕಾಕಾರರು ಕಥೆಯ ಬೆಳವಣಿಗೆ ಎನ್ನುತ್ತಾರೆ.

1823ರಲ್ಲಿ ಮೊರೋನೈ ಎಂಬ ದೇವದೂತ ಬಂದು, ಹತ್ತಿರದ ಗುಡ್ಡದಲ್ಲಿ ಹೂತಿಟ್ಟ ಚಿನ್ನದ ತಗಡುಗಳ ಗ್ರಂಥವೊಂದರ ಬಗ್ಗೆ ತಿಳಿಸಿದ. 1827ರಲ್ಲಿ ಅದು ಕೈಸೇರಿತು. ದೈವಬಲದಿಂದ ಅದನ್ನು ಅನುವಾದಿಸಿದೆ ಎಂದು ಸ್ಮಿತ್ ಹೇಳಿದ. ಆ ದಿನಗಳಲ್ಲಿ ಅವನು ಹೂತ ನಿಧಿಯನ್ನು ಕಲ್ಲಿನ ನೆರವಿನಿಂದ ಹುಡುಕಿಕೊಡುವ ಕೆಲಸವನ್ನೂ ಮಾಡುತ್ತಿದ್ದ. 1826ರಲ್ಲಿ ಅದೇ ಕಾರಣಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಯಿತು. ಗ್ರಂಥದ ಅನುವಾದಕ್ಕೂ ಅಂಥದೇ ಕಲ್ಲನ್ನು ಟೋಪಿಯೊಳಗೆ ಇಟ್ಟು ನೋಡುತ್ತಿದ್ದ ಎಂದು ಕಣ್ಣಾರೆ ಕಂಡವರು ಬರೆದಿದ್ದಾರೆ. ಸಭೆ ಇದನ್ನು ಈಗ ಮುಚ್ಚಿಡುವುದಿಲ್ಲ. ಆ ಕಲ್ಲಿನ ಛಾಯಾಚಿತ್ರವನ್ನು 2015ರಲ್ಲಿ ತಾನೇ ಪ್ರಕಟಿಸಿತು. ಗ್ರಂಥದ ಹೆಚ್ಚಿನ ಭಾಗವನ್ನು ಸ್ಮಿತ್ 1829ರ ಏಪ್ರಿಲ್‌ನಿಂದ ಜೂನ್‌ವರೆಗಿನ ಕೆಲವೇ ವಾರಗಳಲ್ಲಿ ಹೇಳಿ ಬರೆಸಿದ. ಶಾಲೆಯ ಮುಖ ಹೆಚ್ಚು ಕಾಣದ ಇಪ್ಪತ್ಮೂರರ ಯುವಕ ಅಷ್ಟು ಉದ್ದದ, ಅಷ್ಟು ಪಾತ್ರಗಳ ಕಥನವನ್ನು ಆ ವೇಗದಲ್ಲಿ ಹೇಳಿ ಮುಗಿಸಿದ್ದು ನಂಬದವರನ್ನೂ ಯೋಚನೆಗೆ ಹಚ್ಚುವ ಸಂಗತಿ. ಮಾರ್ಟಿನ್ ಹ್ಯಾರಿಸ್ ಎಂಬ ರೈತ ತನ್ನ ಜಮೀನನ್ನೇ ಅಡವಿಟ್ಟು ಮುದ್ರಣದ ಹೊಣೆ ಹೊತ್ತ. 1830ರ ಮಾರ್ಚ್‌ನಲ್ಲಿ 5,000 ಪ್ರತಿಗಳು ಅಚ್ಚಾದವು. ಏಪ್ರಿಲ್ 6ರಂದು ಸಭೆ ಸ್ಥಾಪನೆಯಾಯಿತು.

'ಮಾರ್ಮನ್ ಗ್ರಂಥ'ದ ಕಥೆ ಹೀಗಿದೆ. ಕ್ರಿಸ್ತಪೂರ್ವ 600ರ ಸುಮಾರಿಗೆ ಜೆರುಸಲೇಮಿನಿಂದ ಲೀಹೈ ಎಂಬ ಪ್ರವಾದಿ (ನಿಮ್ಮ ಮಗ ಇರುವ ಊರಿನ ಹೆಸರು ಅಲ್ಲಿಂದಲೇ ಬಂದದ್ದು) ಕುಟುಂಬ ಸಮೇತ ಹೊರಟು ಸಮುದ್ರ ದಾಟಿ ಅಮೆರಿಕ ಸೇರುತ್ತಾನೆ. ಅವನ ಸಂತಾನ ನೀಫೈಯರು, ಲೇಮನರು ಎಂದು ಎರಡಾಗಿ ಒಡೆದು ಸಾವಿರ ವರ್ಷ ಕಾದಾಡುತ್ತದೆ. ಪುನರುತ್ಥಾನದ ಬಳಿಕ ಯೇಸು ಅಲ್ಲಿಗೆ ಬಂದು ಬೋಧಿಸುತ್ತಾನೆ. ಕೊನೆಗೆ ಮಾರ್ಮನ್ ಎಂಬ ಪ್ರವಾದಿ ಆ ಚರಿತ್ರೆಯನ್ನು ಸಂಗ್ರಹಿಸುತ್ತಾನೆ, ಅವನ ಮಗ ಮೊರೋನೈ ಹೂತಿಡುತ್ತಾನೆ. ಇದಕ್ಕೆ ಪುರಾತತ್ವದ ಬೆಂಬಲ ಇಲ್ಲ. ಅಮೆರಿಕದ ಮೂಲನಿವಾಸಿಗಳ ಪೂರ್ವಜರು ಏಷ್ಯಾದಿಂದ ಬಂದವರು ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಲೇಮನರೇ ಮೂಲನಿವಾಸಿಗಳ 'ಪ್ರಧಾನ ಪೂರ್ವಜರು' ಎಂದಿದ್ದ ಗ್ರಂಥದ ಪೀಠಿಕೆಯ ಸಾಲನ್ನು ಸಭೆ ಆಮೇಲೆ 'ಪೂರ್ವಜರಲ್ಲಿ ಸೇರಿದವರು' ಎಂದು ತಿದ್ದಿತು. ನಂಬುವವರಿಗೆ ಗ್ರಂಥದ ಸತ್ಯ ಗೊತ್ತಾಗುವುದು ಓದಿ ಪ್ರಾರ್ಥಿಸಿದಾಗ ಎದೆಯೊಳಗೆ ಆಗುವ ಅನುಭವದಿಂದ. ನಿಮ್ಮ ಮಗನಿಗೆ ಯಾರಾದರೂ ಈ ಗ್ರಂಥವನ್ನು ಕೊಟ್ಟರೆ, ಪ್ರಾರ್ಥಿಸಿ ನೋಡಿ ಎಂಬ ಆಹ್ವಾನವೂ ಜೊತೆಗೇ ಬರುತ್ತದೆ.

ಇಡೀ ಧರ್ಮದ ಕೀಲಿಕೈ ನನ್ನ ದೃಷ್ಟಿಯಲ್ಲಿ ಒಂದೇ ನಂಬಿಕೆಯಲ್ಲಿದೆ: ದೇವರ ಮಾತು ಬೈಬಲ್ಲಿನ ಕೊನೆಯ ಪುಟದಲ್ಲಿ ಮುಗಿಯಲಿಲ್ಲ, ಅದು ಇವತ್ತಿಗೂ ಜೀವಂತ ಪ್ರವಾದಿಯ ಮೂಲಕ ಬರುತ್ತಿದೆ. ಸಭೆಯ ಅಧ್ಯಕ್ಷನನ್ನು ಅವರು ಮೋಶೆಯ ಸಾಲಿನ ಪ್ರವಾದಿ ಎಂದೇ ಕಾಣುತ್ತಾರೆ. ಅವನ ಜೊತೆ, ಯೇಸುವಿನ ಹನ್ನೆರಡು ಶಿಷ್ಯರ ಮಾದರಿಯಲ್ಲಿ, ಹನ್ನೆರಡು ಅಪೊಸ್ತಲರ ಮಂಡಳಿ ಇರುತ್ತದೆ. ಅಧ್ಯಕ್ಷ ತೀರಿಕೊಂಡಾಗ ಅಪೊಸ್ತಲರಲ್ಲಿ ಸೇವೆಯಿಂದ ಹಿರಿಯನಾದವನು ಆ ಸ್ಥಾನಕ್ಕೆ ಬರುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ನೆಲ್ಸನ್ 101ನೇ ವಯಸ್ಸಿನಲ್ಲಿ ನಿಧನರಾದ ಮೇಲೆ ಡ್ಯಾಲಿನ್ ಓಕ್ಸ್ ಬಂದದ್ದು ಹಾಗೆಯೇ. ಇವರನ್ನು ಹಿಂಸೆಗೆ ಗುರಿಮಾಡಿದ್ದೂ, ಉಳಿಸಿದ್ದೂ, ಕೆಲವೊಮ್ಮೆ ತೀರ ತಪ್ಪು ದಾರಿಗೆ ಎಳೆದದ್ದೂ ಈ ನಂಬಿಕೆಯೇ.

ಹಿಂಸೆಯ ಕಥೆ ಮಿಸೌರಿಯಲ್ಲಿ ಅತಿ ಕಟು. ಹೊಸ ಜೆರುಸಲೇಮ್ ಕಟ್ಟುವ ಸ್ಥಳ ಅಲ್ಲಿನ ಜಾಕ್ಸನ್ ಕೌಂಟಿ ಎಂದು ಸ್ಮಿತ್ ಘೋಷಿಸಿದ. ಗುಂಪಾಗಿ ಬಂದು ಜಮೀನು ಕೊಂಡು ಗುಂಪಾಗಿ ಮತ ಹಾಕುವ ಈ ಉತ್ತರದವರನ್ನು ಕಂಡು ಗುಲಾಮರನ್ನಿಟ್ಟುಕೊಂಡಿದ್ದ ಸ್ಥಳೀಯರು ಹೆದರಿದರು. 1833ರಲ್ಲಿ ಅಲ್ಲಿಂದ ಓಡಿಸಿದರು. 1838ರಲ್ಲಿ ಎರಡೂ ಕಡೆ ಬಂದೂಕು ಹಿಡಿದಾಗ ರಾಜ್ಯಪಾಲ ಲಿಲ್ಬರ್ನ್ ಬಾಗ್ಸ್, ಮಾರ್ಮನ್ನರನ್ನು ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಅಟ್ಟಬೇಕು ಎಂದು ಲಿಖಿತ ಆದೇಶ ಹೊರಡಿಸಿದ. ಮೂರು ದಿನಗಳ ಬಳಿಕ ಹಾನ್ಸ್ ಮಿಲ್ ಎಂಬ ಹಳ್ಳಿಯಲ್ಲಿ ಗುಂಪೊಂದು 17 ಜನರನ್ನು ಕೊಂದಿತು. ಅವರಲ್ಲಿ ಹತ್ತು ವರ್ಷದ ಬಾಲಕನೂ ಇದ್ದ. ಆ ಆದೇಶವನ್ನು ಮಿಸೌರಿ ವಿಧಿವತ್ತಾಗಿ ಹಿಂಪಡೆದದ್ದು 1976ರಲ್ಲಿ!

ನಿರಾಶ್ರಿತರು ಮಿಸಿಸಿಪ್ಪಿ ನದಿ ದಾಟಿ ಇಲಿನಾಯ್‌ನಲ್ಲಿ ನಾವೂ ಎಂಬ ನಗರ ಕಟ್ಟಿದರು. ಸ್ಮಿತ್ ಅಲ್ಲಿ ಪ್ರವಾದಿ, ಮೇಯರ್, ಸ್ವಂತ ಸೇನೆಯ ದಂಡನಾಯಕ ಎಲ್ಲವೂ ಆದ. 1844ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೂ ಸ್ಪರ್ಧೆಗಿಳಿದ. ಗುಟ್ಟಾಗಿ ಹಲವು ಹೆಂಗಸರನ್ನು 'ದೈವಾಜ್ಞೆ'ಯಂತೆ ಮದುವೆಯೂ ಆಗಿದ್ದ. ಮೊದಲ ಹೆಂಡತಿ ಎಮ್ಮಾ ಇದರಿಂದ ಪಟ್ಟ ನೋವು ದಾಖಲೆಗಳಲ್ಲಿದೆ. ಅವನ ಮದುವೆಗಳ ಸಂಖ್ಯೆ 30ರಿಂದ 40ರ ನಡುವೆ ಇರಬಹುದೆಂದೂ, ವಧುಗಳಲ್ಲಿ ಒಬ್ಬಳಿಗೆ ಇನ್ನೂ 15 ತುಂಬಿರಲಿಲ್ಲವೆಂದೂ ಸಭೆಯೇ 2014ರಲ್ಲಿ ಬರಹದ ಮೂಲಕ ಒಪ್ಪಿಕೊಂಡಿತು. ಇದನ್ನು ಮೃದುಗೊಳಿಸಿ ಹೇಳುವುದು ಸರಿಯಲ್ಲ ಎಂದು ನಾನು ಭಾವಿಸುತ್ತೇನೆ; ಹಲವು ಸದಸ್ಯರ ನಂಬಿಕೆ ಈ ವಿಷಯ ತಿಳಿದ ಮೇಲೆ ಅಲುಗಾಡಿದೆ. 1844ರ ಜೂನ್‌ನಲ್ಲಿ ಭಿನ್ನಮತೀಯರು ಇದನ್ನೆಲ್ಲ ಬಯಲಿಗೆಳೆಯುವ ಪತ್ರಿಕೆಯೊಂದನ್ನು ತಂದಾಗ ಅದರ ಮುದ್ರಣಯಂತ್ರವನ್ನು ಸ್ಮಿತ್ ಮತ್ತು ನಗರಸಭೆ ನಾಶಮಾಡಿಸಿದರು. ಆ ಪ್ರಕರಣದಲ್ಲಿ ಬಂಧಿತನಾಗಿದ್ದಾಗ, ಜೂನ್ 27ರಂದು ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಅವನನ್ನೂ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಆಗ ಅವನಿಗೆ 38 ವರ್ಷ.

ಉತ್ತರಾಧಿಕಾರದ ಪ್ರಶ್ನೆಯಲ್ಲಿ ಸಭೆ ಒಡೆಯಿತು. ಎಮ್ಮಾ ಮತ್ತು ಮಕ್ಕಳು ಹಿಂದೆಯೇ ಉಳಿದರು. ಮಗನ ನೇತೃತ್ವದಲ್ಲಿ 1860ರಲ್ಲಿ ಬೇರೆ ಸಭೆಯೇ ರೂಪುಗೊಂಡಿತು. ಬಹುಪಾಲು ಜನ ಬಡಗಿಯಾಗಿದ್ದ ಬ್ರಿಗಮ್ ಯಂಗ್ ಎಂಬ ಅಸಾಧಾರಣ ಸಂಘಟಕನ ಹಿಂದೆ ನಡೆದರು. 1846ರ ಚಳಿಗಾಲದಲ್ಲಿ ನಾವೂ ಬಿಟ್ಟು, 1847ರ ಜುಲೈ 24ರಂದು ಯಂಗ್ ಸಾಲ್ಟ್ ಲೇಕ್ ಕಣಿವೆ ತಲುಪಿದ. ಆ ದಿನ ಇಂದಿಗೂ ಯೂಟಾದಲ್ಲಿ ಸರ್ಕಾರಿ ರಜೆ. ಮುಂದಿನ ಎರಡು ದಶಕಗಳಲ್ಲಿ ಸುಮಾರು 70,000 ಜನ ಅದೇ ದಾರಿ ಹಿಡಿದರು. ಎತ್ತಿನ ಬಂಡಿಗೆ ಹಣವಿಲ್ಲದವರು ಕೈಗಾಡಿ ಎಳೆದುಕೊಂಡು ಸಾವಿರಾರು ಕಿಲೋಮೀಟರ್ ನಡೆದರು. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗ್‌ನ ಹಿಮದಲ್ಲಿ ಸಿಲುಕಿ 200ಕ್ಕೂ ಹೆಚ್ಚು ಜನ ಸತ್ತರು. ಮರುಭೂಮಿಯಂಥ ಆ ನೆಲಕ್ಕೆ ಬೆಟ್ಟದ ತೊರೆಗಳಿಂದ ಕಾಲುವೆ ತೋಡಿ, ನೀರನ್ನು ಸಮುದಾಯದ ಸ್ವತ್ತಾಗಿ ಹಂಚಿಕೊಂಡು ಬೆಳೆ ತೆಗೆದರು. ನಿಮ್ಮ ಮಗ ಕಾಣುತ್ತಿರುವ, ಕರೆಯುವ ಮೊದಲೇ ಬಂದು ನಿಲ್ಲುವ ನೆರೆಹೊರೆಯ ಗುಣ ಆ ಕಷ್ಟದ ಕಾಲದಲ್ಲಿ ಬೇರೂರಿದ್ದು.

ಇದೇ ಜನ ಹಿಂಸೆಯನ್ನು ಎಸಗಿದ್ದೂ ಉಂಟು. 1857ರಲ್ಲಿ ಅಮೆರಿಕದ ಸೇನೆ ಯೂಟಾದತ್ತ ಹೊರಟಿದೆ ಎಂಬ ಭಯದ ನಡುವೆ, ಸ್ಥಳೀಯ ಮಾರ್ಮನ್ ಪಡೆಯವರು ಕೆಲವು ಮೂಲನಿವಾಸಿಗಳನ್ನು ಸೇರಿಸಿಕೊಂಡು ಮೌಂಟನ್ ಮೆಡೋಸ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸುಮಾರು 120 ವಲಸಿಗರನ್ನು, ಅಭಯ ಕೊಟ್ಟು ಹೊರಗೆ ಕರೆದು, ಕೊಂದರು. ಉಳಿಸಿದ್ದು ಎಳೆಯ ಮಕ್ಕಳನ್ನು ಮಾತ್ರ. ಶಿಕ್ಷೆಯಾದದ್ದು ಜಾನ್ ಲೀ ಎಂಬ ಒಬ್ಬನಿಗೆ, ಅದೂ ಇಪ್ಪತ್ತು ವರ್ಷಗಳ ನಂತರ.

1852ರಲ್ಲಿ ಬಹುಪತ್ನಿತ್ವವನ್ನು ಯೂಟಾದಲ್ಲಿ ಬಹಿರಂಗವಾಗಿ ಸಾರಿದರು. ಎಲ್ಲ ಕುಟುಂಬಗಳೂ ಹಾಗಿರಲಿಲ್ಲ, ಆದರೆ ನಾಯಕರಲ್ಲಿ ಅದು ಸಾಮಾನ್ಯವಾಗಿತ್ತು. ಯಂಗ್‌ನ ಪತ್ನಿಯರು 50ಕ್ಕೂ ಹೆಚ್ಚು. ಹೊರಗಿನವರು 'ಗುಲಾಮರು' ಎಂದು ಮರುಗುತ್ತಿದ್ದ ಇದೇ ಹೆಂಗಸರಿಗೆ ಯೂಟಾ 1870ರಲ್ಲೇ ಮತದಾನದ ಹಕ್ಕು ಕೊಟ್ಟಿತ್ತು. ಅದನ್ನು 1887ರಲ್ಲಿ ಕಿತ್ತುಕೊಂಡದ್ದು ಬಹುಪತ್ನಿತ್ವವನ್ನು ಅಳಿಸಲು ಹೊರಟ ಅಮೆರಿಕದ ಸಂಸತ್ತು.

ಈ ಹೋರಾಟ ನ್ಯಾಯಾಲಯಕ್ಕೆ ಹೋದ ಬಗೆ ನಮ್ಮ ನಾಡಿಗೂ ತಾಗುತ್ತದೆ. ಯಂಗ್‌ನ ಕಾರ್ಯದರ್ಶಿ ಜಾರ್ಜ್ ರೆನಾಲ್ಡ್ಸ್, ಎರಡನೆಯ ಮದುವೆ ನನ್ನ ಧಾರ್ಮಿಕ ಕರ್ತವ್ಯ ಎಂದು ವಾದಿಸಿದ. 1879ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾನೂನು ನಂಬಿಕೆಯನ್ನು ಮುಟ್ಟುವಂತಿಲ್ಲ, ಆಚರಣೆಯನ್ನು ತಡೆಯಬಹುದು ಎಂದಿತು. ಅದಕ್ಕೆ ಕೊಟ್ಟ ಉದಾಹರಣೆ, ಗಂಡನ ಚಿತೆಯಲ್ಲಿ ತನ್ನನ್ನು ಸುಟ್ಟುಕೊಳ್ಳುವುದು ಧರ್ಮವೆಂದು ಹೆಂಡತಿಯೊಬ್ಬಳು ನಂಬಿದರೆ ಸರ್ಕಾರ ಸುಮ್ಮನಿರಬೇಕೇ ಎಂಬ ಪ್ರಶ್ನೆ. ಬಹುಪತ್ನಿತ್ವ ಏಷ್ಯಾ, ಆಫ್ರಿಕಾ ಜನರ ಪದ್ಧತಿ ಎಂಬ ತಿರಸ್ಕಾರವೂ ಆ ತೀರ್ಪಿನಲ್ಲಿದೆ. 1890ರಲ್ಲಿ ಐಡಹೊದ ಡೇವಿಸ್ ಎಂಬ ಮಾರ್ಮನ್‌ನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಧರ್ಮವೆಂದರೆ ಸೃಷ್ಟಿಕರ್ತನೊಡನೆ ತನಗಿರುವ ಸಂಬಂಧದ ಕುರಿತು ಮನುಷ್ಯನ ಅಭಿಪ್ರಾಯ, ಪೂಜಾವಿಧಿ ಬೇರೆ, ಅದನ್ನು ಧರ್ಮದೊಡನೆ ಬೆರೆಸಬಾರದು ಎಂಬ ವ್ಯಾಖ್ಯೆ ಕೊಟ್ಟಿತು. ಆರು ದಶಕಗಳ ಬಳಿಕ ಉಡುಪಿಯ ಶಿರೂರು ಮಠದ ಪ್ರಕರಣ ನಮ್ಮ ಸುಪ್ರೀಂ ಕೋರ್ಟಿಗೆ ಬಂದಾಗ ಇದೇ ವ್ಯಾಖ್ಯೆ ಪರಿಶೀಲನೆಗೆ ಬಂತು. 1954ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಮುಖರ್ಜಿ ಅವರು ಇದು ಖಚಿತವೂ ಅಲ್ಲ, ಸಾಕಾದದ್ದೂ ಅಲ್ಲ ಎಂದು ಬದಿಗಿಟ್ಟರು. ದೇವರನ್ನೇ ಒಪ್ಪದ ಬೌದ್ಧ, ಜೈನ ಧರ್ಮಗಳೂ ನಮ್ಮಲ್ಲಿವೆ, ವಿಧಿ ಆಚರಣೆಗಳೂ ಧರ್ಮದ ಭಾಗವೇ ಎಂದರು. ಐಡಹೊದ ಮಾರ್ಮನ್ ಒಬ್ಬನನ್ನು ಸೋಲಿಸಿದ ವ್ಯಾಖ್ಯೆ ಉಡುಪಿಯ ಮಠವೊಂದರ ದಾವೆಯಲ್ಲಿ ತಾನೇ ಸೋತದ್ದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಅಮೆರಿಕದಲ್ಲಿ ಮಾತ್ರ ಸಭೆ ಸೋತಿತು. ಸಾವಿರಕ್ಕೂ ಹೆಚ್ಚು ಗಂಡಸರು ಜೈಲು ಸೇರಿದರು, ಸಭೆಯ ಆಸ್ತಿ ಮುಟ್ಟುಗೋಲಾಯಿತು, ದೇವಾಲಯಗಳೇ ಕೈತಪ್ಪುವ ಹಂತ ಬಂತು. 1890ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಹೊಸ ಬಹುಪತ್ನಿ ವಿವಾಹಗಳನ್ನು ನಿಲ್ಲಿಸುವ ಘೋಷಣೆ ಹೊರಡಿಸಿದ. ದೇವರೇ ತನಗೆ ಈ ದಾರಿ ತೋರಿಸಿದ ಎಂದ. 1896ರಲ್ಲಿ ಯೂಟಾ ರಾಜ್ಯವಾಯಿತು. ಗುಟ್ಟಾಗಿ ನಡೆದೇ ಇದ್ದ ಮದುವೆಗಳಿಗೆ 1904ರ ಎರಡನೆಯ ಘೋಷಣೆ ಬಹಿಷ್ಕಾರದ ಶಿಕ್ಷೆ ವಿಧಿಸಿತು. ಒಪ್ಪದವರು ಸಿಡಿದು ಸಣ್ಣ ಪಂಥಗಳಾದರು. ಇಂದು ಸುದ್ದಿಯಲ್ಲಿ ಬರುವ ಬಹುಪತ್ನಿ ಕುಟುಂಬಗಳೂ, 2011ರಲ್ಲಿ ಟೆಕ್ಸಾಸ್‌ನಲ್ಲಿ ಬಾಲಕಿಯರ ಮೇಲಿನ ಲೈಂಗಿಕ ಅಪರಾಧಕ್ಕೆ ಜೀವಾವಧಿ ಶಿಕ್ಷೆಗೊಳಗಾದ ವಾರೆನ್ ಜೆಫ್ಸ್‌ನ ಗುಂಪೂ ಆ ಪಂಥಗಳಿಗೆ ಸೇರಿದವು. ಮುಖ್ಯ ಸಭೆಗೂ ಅವಕ್ಕೂ ಸಂಬಂಧವಿಲ್ಲ. ಆದರೂ ಹಳೆಯ ಸಿದ್ಧಾಂತದ ಒಂದು ಎಳೆ ಉಳಿದಿದೆ: ಹೆಂಡತಿ ತೀರಿಕೊಂಡವನು ಮರುಮದುವೆಯಾದರೆ ಪರಲೋಕದಲ್ಲಿ ಇಬ್ಬರೂ ಅವನ ಪತ್ನಿಯರೇ. ಅನೇಕ ಮಾರ್ಮನ್ ಹೆಂಗಸರಿಗೆ ಇದು ಇಂದಿಗೂ ಮನಸ್ಸು ಹಿಂಡುವ ವಿಷಯ.

ಮುಗಿಯದ ದೇವವಾಣಿ ಮತ್ತೊಮ್ಮೆ ದೊಡ್ಡ ತಿರುವು ಕೊಟ್ಟದ್ದು 1978ರಲ್ಲಿ. ಸ್ಮಿತ್‌ನ ಕಾಲದಲ್ಲಿ ಎಲೈಜಾ ಏಬಲ್‌ನಂಥ ಕಪ್ಪು ಜನಾಂಗದವರಿಗೂ ಯಾಜಕ ಪದವಿ ಸಿಕ್ಕಿತ್ತು. 1852ರಲ್ಲಿ ಯಂಗ್ ಅದನ್ನು ಮುಚ್ಚಿದ. ಒಂದೂಕಾಲು ಶತಮಾನ ಕಪ್ಪು ಗಂಡಸರು ಯಾಜಕರಾಗುವಂತಿರಲಿಲ್ಲ, ಕಪ್ಪು ಕುಟುಂಬಗಳು ದೇವಾಲಯದ ಮುಖ್ಯ ಸಂಸ್ಕಾರಗಳನ್ನು ಪಡೆಯುವಂತಿರಲಿಲ್ಲ. ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ತನಗೆ ದೇವರ ಅಪ್ಪಣೆಯಾಯಿತೆಂದು ನಿಷೇಧ ತೆಗೆದಾಗ ಸದಸ್ಯರು ಆನಂದದಿಂದ ಅತ್ತರು. ಅಷ್ಟು ವರ್ಷ ದೇವರೇಕೆ ಸುಮ್ಮನಿದ್ದ ಎಂದು ಕೇಳಿದವರಿಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಈಗ ನಂಬಿಕೆಗಳು. ಇವರು ಕ್ರೈಸ್ತರೇ ಎಂದರೆ, ಅವರ ಉತ್ತರ 'ಖಂಡಿತ'. ಯೇಸುವೇ ರಕ್ಷಕ, ಅವನ ಬಲಿದಾನವೇ ಮೋಕ್ಷದ ದಾರಿ ಎನ್ನುವುದರಲ್ಲಿ ಅವರಿಗೆ ಸಂದೇಹವಿಲ್ಲ. ಆದರೆ ತಂದೆ, ಮಗ, ಪವಿತ್ರಾತ್ಮ ಒಂದೇ ತತ್ವ ಎಂದು ನಾಲ್ಕನೆಯ ಶತಮಾನದಲ್ಲಿ ನೆಲೆಗೊಂಡ ಸಿದ್ಧಾಂತವನ್ನು ಅವರು ಒಪ್ಪುವುದಿಲ್ಲ. ಮೂವರೂ ಬೇರೆ ಬೇರೆ, ತಂದೆಗೂ ಮಾಂಸ ಮೂಳೆಗಳ ಮಹಿಮಾಯುತ ದೇಹವಿದೆ, ತಾಯಿ ದೇವರೂ ಇದ್ದಾಳೆ, ಮನುಷ್ಯರು ಅವರ ನಿಜವಾದ ಸಂತಾನ, ಮುಂದೆ ದೇವರಂತೆಯೇ ಆಗಬಲ್ಲರು ಎನ್ನುತ್ತಾರೆ. ಅದಕ್ಕಾಗಿಯೇ ಕ್ಯಾಥೊಲಿಕ್ ಸಭೆ 2001ರಲ್ಲಿ ಅವರ ದೀಕ್ಷಾಸ್ನಾನ ಸಿಂಧುವಲ್ಲ ಎಂದು ತೀರ್ಮಾನಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಅವರು ಕ್ರೈಸ್ತ ಬೇರಿನಿಂದ ಹುಟ್ಟಿ, ಇತರ ಕ್ರೈಸ್ತರು ಒಪ್ಪದ ದಿಕ್ಕಿಗೆ ಬೆಳೆದ ಕೊಂಬೆ. ಯೇಸುವನ್ನು ಅಷ್ಟು ಪ್ರೀತಿಸುವವರಿಗೆ 'ನೀವು ಕ್ರೈಸ್ತರಲ್ಲ' ಎನ್ನುವ ಹಕ್ಕು ಹೊರಗಿನವನಾದ ನನಗಿಲ್ಲ.

ಹುಟ್ಟುವ ಮೊದಲೂ ಆತ್ಮ ದೇವರ ಬಳಿ ಇತ್ತು ಎಂದು ನಂಬುತ್ತಾರೆ, ಆದರೆ ಭೂಮಿಯ ಮೇಲೆ ಒಂದೇ ಜನ್ಮ, ಇದು ಪುನರ್ಜನ್ಮವಲ್ಲ. ಸತ್ತ ಮೇಲೆ ಬಹುತೇಕ ಎಲ್ಲರಿಗೂ ಮೂರು ಸ್ತರದ ಸ್ವರ್ಗಗಳಲ್ಲಿ ಒಂದು ಸಿಗುತ್ತದೆ. ಅತ್ಯುನ್ನತ ಸ್ತರಕ್ಕೆ ಕುಟುಂಬ ಸಮೇತ ಹೋಗಬೇಕೆಂಬುದು ಅವರ ಹಂಬಲ. ಅದಕ್ಕಾಗಿ ದೇವಾಲಯದಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಅನಂತಕಾಲಕ್ಕೆ ಒಂದಾಗಿ ಬೆಸೆಯುವ, ಅಂದರೆ 'ಮುದ್ರಿಸುವ' ಸಂಸ್ಕಾರ ನಡೆಯುತ್ತದೆ. ಈ ಅವಕಾಶ ಸಿಗದೆ ಸತ್ತ ಪೂರ್ವಜರಿಗಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುತ್ತಾರೆ. ಒಪ್ಪುವುದು ಬಿಡುವುದು ಆ ಆತ್ಮಕ್ಕೆ ಬಿಟ್ಟದ್ದು. ಪೂರ್ವಜರ ಹೆಸರು ಬೇಕಲ್ಲ, ಹಾಗಾಗಿ ಅವರು ಜಗತ್ತಿನ ಅತಿ ದೊಡ್ಡ ವಂಶಾವಳಿ ಭಂಡಾರ ಕಟ್ಟಿದರು. ಸಾಲ್ಟ್ ಲೇಕ್ ಬಳಿಯ ಗ್ರಾನೈಟ್ ಬೆಟ್ಟ ಕೊರೆದು ಆ ದಾಖಲೆಗಳ ಮೈಕ್ರೊಫಿಲ್ಮ್ ಸುರುಳಿಗಳನ್ನು ಕಾಪಿಟ್ಟಿದ್ದಾರೆ. ಯಹೂದಿ ನರಮೇಧದಲ್ಲಿ ಸತ್ತವರ ಹೆಸರಿನಲ್ಲೂ ಈ ಸ್ನಾನ ನಡೆದದ್ದು ಗೊತ್ತಾಗಿ ಯಹೂದಿಗಳು ನೊಂದರು. 1995ರಲ್ಲಿ ಅದನ್ನು ನಿಲ್ಲಿಸುವ ಒಪ್ಪಂದವಾಯಿತು.

ಕಾಫಿ, ಚಹಾ, ಮದ್ಯ, ತಂಬಾಕಿನ ನಿಷೇಧ 1833ರ ದೇವವಾಣಿಯೊಂದರಿಂದ ಬಂದದ್ದು. ಮೊದಲು ಸಲಹೆಯಾಗಿತ್ತು, 20ನೇ ಶತಮಾನದಲ್ಲಿ ದೇವಾಲಯ ಪ್ರವೇಶಕ್ಕೆ ಕಡ್ಡಾಯವಾಯಿತು. ಮೂಲದಲ್ಲಿರುವುದು 'ಬಿಸಿ ಪಾನೀಯ' ಎಂದಾದರೂ ಬಿಸಿ ಚಾಕೊಲೇಟ್‌ಗೆ ಅಡ್ಡಿಯಿಲ್ಲ, ಕೋಲಾಗೂ ಇಲ್ಲ. ಮಾಂಸವನ್ನು ಮಿತವಾಗಿ ತಿನ್ನಿ ಎಂದೂ ಅದೇ ವಾಣಿ ಹೇಳುತ್ತದೆ. ಆ ಭಾಗಕ್ಕೆ ಅಷ್ಟು ಒತ್ತು ಸಿಕ್ಕಿಲ್ಲ. ಮನೆಗೆ ಕರೆದರೆ ಕಾಫಿಯ ಬದಲು ಹಣ್ಣಿನ ರಸ, ಮಜ್ಜಿಗೆ ಕೊಡಲು ಮಗನಿಗೆ ಹೇಳಿ.

ಆದಾಯದ ಹತ್ತನೇ ಒಂದು ಭಾಗ ಸಭೆಗೆ ಕೊಡುತ್ತಾರೆ. ತಿಂಗಳಿಗೊಮ್ಮೆ ಎರಡು ಹೊತ್ತು ಉಪವಾಸವಿದ್ದು ಉಳಿದ ಊಟದ ಹಣವನ್ನು ಬಡವರಿಗೆ ನೀಡುತ್ತಾರೆ. ಸ್ಥಳೀಯ ಬಿಷಪ್‌ಗೆ ಸಂಬಳವಿಲ್ಲ. ವಾರವಿಡೀ ದಂತವೈದ್ಯನೋ ಎಂಜಿನಿಯರೋ ಆಗಿರುವವನು ಭಾನುವಾರ ಬಿಷಪ್ ಆಗಿರುತ್ತಾನೆ. ಹೀಗೆ ಸೇರಿದ ಹಣ ಅಪಾರವಾಗಿದೆ. ಹೂಡಿಕೆಯ ಪ್ರಮಾಣವನ್ನು ಮರೆಮಾಡಿದ್ದಕ್ಕೆ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ 2023ರಲ್ಲಿ ಸಭೆ ಮತ್ತು ಅದರ ಹೂಡಿಕೆ ಸಂಸ್ಥೆಗೆ ಒಟ್ಟು 50 ಲಕ್ಷ ಡಾಲರ್ ದಂಡ ಹಾಕಿತು. ಕಷ್ಟಪಟ್ಟು ದಶಮಾಂಶ ಕೊಡುವ ಸದಸ್ಯರ ಎದುರು ಲೆಕ್ಕವನ್ನು ತೆರೆದಿಡಬೇಕಾದದ್ದು ಸಭೆಯ ಹೊಣೆ ಎಂದೇ ನನ್ನ ನಿಲುವು. ಸಲಿಂಗ ಸಂಬಂಧಗಳ ಬಗೆಗಿನ ಕಟ್ಟುನಿಟ್ಟೂ ಹಲವು ಯುವಜನರನ್ನು ದೂರ ಮಾಡಿದೆ.

ಸಭೆಯ ಲೆಕ್ಕದಲ್ಲಿ ಸದಸ್ಯರು ಈಗ 1.7 ಕೋಟಿಗೂ ಹೆಚ್ಚು, ಅರ್ಧಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗಿನವರು. ಭಾರತಕ್ಕೆ ಅವರ ಪ್ರಚಾರಕರು 1850ರ ದಶಕದಲ್ಲೇ ಕಲ್ಕತ್ತ, ಮುಂಬಯಿ ಕಡೆ ಬಂದಿದ್ದರು, ಫಲ ಅಷ್ಟಾಗಿ ಸಿಗಲಿಲ್ಲ. 1993ರಲ್ಲಿ ಬೆಂಗಳೂರು ಅವರ ಭಾರತ ಕಾರ್ಯದ ಕೇಂದ್ರವಾಯಿತು. ಭಾರತದ ಮೊದಲ ದೇವಾಲಯಕ್ಕೂ 2018ರಲ್ಲಿ ಬೆಂಗಳೂರನ್ನೇ ಆರಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಿದರು.

ನಿಮ್ಮ ಆತಂಕದ ವಿಷಯ. ಪ್ರಚಾರ ಅವರ ಧರ್ಮದ ಅಂಗ. ಎದೆಗೆ ಹೆಸರಿನ ಪಟ್ಟಿ ಹಾಕಿಕೊಂಡ ಯುವಕರು ಎರಡು ವರ್ಷ, ಯುವತಿಯರು ಒಂದೂವರೆ ವರ್ಷ ತಮ್ಮ ಖರ್ಚಿನಲ್ಲಿ ಈ ಸೇವೆ ಮಾಡುತ್ತಾರೆ. ಅವರು ಒಂದು ದಿನ ಮಗನ ಬಾಗಿಲು ತಟ್ಟಬಹುದು. 'ನನಗೆ ನನ್ನ ಧರ್ಮವಿದೆ, ಸ್ನೇಹಿತರಾಗಿ ಬನ್ನಿ' ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು. ಸೇರಬೇಕೆಂದವನಿಗೂ ಪಾಠಗಳು, ಸಂದರ್ಶನ, ದಶಮಾಂಶ ಮತ್ತು ಶೀಲದ ಪ್ರತಿಜ್ಞೆಗಳೆಲ್ಲ ಆದ ಮೇಲೆಯೇ ದೀಕ್ಷಾಸ್ನಾನ. ಗೊತ್ತಿಲ್ಲದೆ ಯಾರೂ ಮಾರ್ಮನ್ ಆಗುವುದಿಲ್ಲ. ಭಾನುವಾರದ ಪ್ರಾರ್ಥನೆಗೆ ಕರೆದರೆ ಕುತೂಹಲಕ್ಕೆ ಹೋಗಿ ಬರಲಿ, ಅದು ಎಲ್ಲರಿಗೂ ತೆರೆದದ್ದು. ದೇವಾಲಯಕ್ಕೆ ಮಾತ್ರ ಅನುಮತಿ ಪಡೆದ ಸದಸ್ಯರಿಗಷ್ಟೇ ಪ್ರವೇಶ. ಗೆಳೆಯನ ಮದುವೆ ಅಲ್ಲಿ ನಡೆದರೆ ನಿಮ್ಮ ಮಗ ಹೊರಗೆ ಕಾಯಬೇಕಾಗುತ್ತದೆ. ಅನೇಕ ಬಾರಿ ವಧೂವರರ ಸದಸ್ಯರಲ್ಲದ ತಂದೆ ತಾಯಿಯರೂ ಹಾಗೆಯೇ ಹೊರಗೆ ಕಾಯುತ್ತಾರೆ. ಅವನು ಅದನ್ನು ಅವಮಾನವೆಂದು ತಿಳಿಯದಿರಲಿ.